ಪೊರಕೆಯ ಇನ್ನೊಂದು ತುದಿ

ಲೆವಿನ್,

ದಕ್ಷಿಣದವರ ಜೊತೆಗಿನ ಯುದ್ಧದಲ್ಲಿ, ಪೀಟರ್ಸ್‌ಬರ್ಗಿನ ರಣರಂಗದಲ್ಲಿ ಮಣ್ಣಾದವನಿಗೆ ಯಾವ ಅಂಚೆಯೂ ತಲುಪುವುದಿಲ್ಲ. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನೀನು ಹೋದ ಮೇಲೆ ಇಲ್ಲಿ ಮೇರಿಲ್ಯಾಂಡಿನಲ್ಲಿ ಗುಲಾಮರಿಗೆಲ್ಲ ಬಿಡುಗಡೆಯಾಯಿತು. ಇವತ್ತು ನಮ್ಮ ಮಗಳು ಕೆಟೂರಾಳನ್ನು, ಅಪ್ಪನಿಲ್ಲದ ಮಕ್ಕಳನ್ನು ಯಾರ ವಶಕ್ಕೆ ಕೊಡಬೇಕೆಂದು ತೀರ್ಮಾನಿಸುವ ಅನಾಥರ ನ್ಯಾಯಾಲಯಕ್ಕೆ ಕರೆಸಿದ್ದರು. ತಾಯಿ ನಾನೇ ಅವಳ ಕೈ ಹಿಡಿದುಕೊಂಡು ಹೋದೆ.

ನಮ್ಮ ಹಳೆಯ ಧಣಿ ಹ್ಯಾಡವೇ ಮುಂದಿನ ಬೆಂಚಿನಲ್ಲೇ ಕೂತಿದ್ದ. ಹದಿನೆಂಟು ತುಂಬುವವರೆಗೆ ಮಗುವನ್ನು ತನ್ನ ಮನೆಯಲ್ಲಿಟ್ಟುಕೊಂಡು, ಕೂಲಿಯಿಲ್ಲದೆ ದುಡಿಸಿ, ಕೆಲಸ ಕಲಿಸುತ್ತಾನಂತೆ.

"ಇದರ ಅಪ್ಪ ಯಾರು?" ಎಂದರು ಜಡ್ಜು.

"ನನ್ನ ಗಂಡ, ಸ್ವಾಮಿ. ಯುದ್ಧದಲ್ಲಿ ಹೋದ್ರು."

"ಗಂಡ ಅಂತೀಯಲ್ಲ, ಯಾವ ಕಾನೂನಿನ ಪ್ರಕಾರ ಮದ್ವೆ ಆಗಿದ್ದೆ?"

"ಕೈ ಕೈ ಹಿಡ್ಕೊಂಡು ಪೊರಕೆ ದಾಟಿ ಹಾರಿದ್ವಿ, ಸ್ವಾಮಿ. ಗುಲಾಮರಿಗೆ ಬೇರೆ ಮದ್ವೆ ಎಲ್ಲಿತ್ತು? ಧಣಿಯೋರನ್ನೇ ಕೇಳಿ. ಪೊರಕೆಯ ಒಂದು ತುದಿ ಹಿಡಿದೋರು ಅವರೇ."

ಜಡ್ಜು ಅವನ ಕಡೆ ತಿರುಗಿದರು.

"ಹಿಡಿದಿದ್ದೆ," ಎಂದ. "ಅವತ್ತು ಕ್ರಿಸ್‌ಮಸ್ ಅಲ್ವಾ, ತಮಾಷೆಗೆ."

ಇಡೀ ಕೋರ್ಟು ಗೊಳ್ಳೆಂದು ನಕ್ಕಿತು. ನಾನು ಎದುರಿಗೆ ನಿಂತಿರುವಾಗಲೇ ಕೆಟೂರಾಳನ್ನು ದಿಕ್ಕಿಲ್ಲದ ಅನಾಥೆ ಎಂದು ತೀರ್ಮಾನಿಸಿ ಅವನಿಗೆ ಒಪ್ಪಿಸಿಬಿಟ್ಟರು.

ದಂಡಿಗೆ ಸೇರುವ ಮುಂಚೆ, ಪಾದ್ರಿಯ ಹತ್ತಿರ ಹೋಗಿ ಸರಿಯಾಗಿ ಮದುವೆಯಾಗೋಣ ಎಂದು ನೀನು ಹೇಳಿದ್ದೆ. ಇರಲಿ, ಆ ಮಾತು ಬಿಡು.

ಎಲ್ಲರೂ ನಕ್ಕರೆಂದು ಕೆಟೂರಾಳೂ ನಕ್ಕಳು, ಲೆವಿನ್. ಆರು ವರ್ಷದ ಕೂಸು, ಅದಕ್ಕೇನು ಗೊತ್ತು? ಧಣಿಯ ಗಾಡಿಗೆ ಹತ್ತಿಸುವಾಗಲೂ ನನ್ನ ಮುಖವನ್ನೇ ನೋಡುತ್ತ ನಗುತ್ತಿದ್ದಳು, ನಾನೂ ನಗಲಿ ಎಂದು.