ಚುರುಕಿಗೆ ಒಂದು ವಾಕ್ಯ

ಮಾರ್ಚ್ 4, ಬೆಳಗ್ಗೆ

ಹಾಲು ಉಕ್ಕಿತು. ಅತ್ತೆ ಗೊಣಗಿದರು. ಗೊಣಗಲಿ! ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಪ್ರೂಫ್ ತಿದ್ದಿದ್ದು ಸಾಕು, ನಿನ್ನೆ ಸಂಪಾದಕರು ನನಗೇ ಒಂದು ಪದ ಕೊಟ್ಟರು — ‘ಶಾರ್ಪ್’. ನಾನು ಬರೆದದ್ದನ್ನು ಅವರು ಒಪ್ಪಿದರೆ ಕೆಲಸ ಪರ್ಮನೆಂಟ್. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ.

ಅವರದು ಒಂದೇ ಹಟ. ಪ್ರತಿ ಅರ್ಥಕ್ಕೂ ಯಾರಾದರೂ ನಿಜವಾಗಿ ಆಡಿದ ವಾಕ್ಯ ಬೇಕು, ಆಡಿದವರ ಫೋನ್ ನಂಬರ್ ಸಮೇತ, ಒಂದೊಂದು ಚೀಟಿಯಲ್ಲಿ. ಯಾವುದೋ ಒಂದು ಚೀಟಿ ಎತ್ತಿ, ಫೋನ್ ಮಾಡಿ ಕೇಳಿಯೇಬಿಡುತ್ತಾರೆ.

ಮಾರ್ಚ್ 6

ಎಲ್ಲಿ ನೋಡಿದರೂ ಶಾರ್ಪ್! ಪೆನ್ಸಿಲ್ ಚೂಪು — ಮಗಳು. ಕತ್ತರಿ ಹರಿತ — ದರ್ಜಿ. ‘ಒಂಬತ್ತಕ್ಕೆ ಸರಿಯಾಗಿ ಬರ್ತೀನಿ’ — ಪ್ಲಂಬರ್. ಬಂದದ್ದು ಹನ್ನೊಂದಕ್ಕೆ, ಪುಣ್ಯಾತ್ಮ. ‘ಅಮ್ಮನ ಮಾತು ಬಲು ಮೊನಚು ಕಣೇ’ — ನಮ್ಮ ಯಜಮಾನರು, ಬಾಗಿಲು ಹಾಕಿಕೊಂಡು, ಪಿಸುಮಾತಿನಲ್ಲಿ.

ಮಾರ್ಚ್ 9

ಒಂದೇ ಬಾಕಿ, ಬುದ್ಧಿಯ ಚುರುಕು. ಯಾರೂ ಯಾರನ್ನೂ ಹೊಗಳುವುದೇ ಇಲ್ಲವಲ್ಲ! ಸಂಜೆಯೊಳಗೆ ಕೊಡಬೇಕು... ಬರೆದೇಬಿಟ್ಟೆ: ‘ನನ್ನ ಸೊಸೆ ಬುದ್ಧಿ ಬಹಳ ಚುರುಕು.’ ಆಡಿದವರು — ಅತ್ತೆ.

ಅಯ್ಯೋ, ನನ್ನ ಕೈಗೇನು ಬಂತು? ಮದುವೆಯಾದಾಗಿನಿಂದ ಅವರ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿಲ್ಲ.

ಮಾರ್ಚ್ 12, ಮಧ್ಯಾಹ್ನ

ಸಂಪಾದಕರು ಇರುವುದನ್ನೆಲ್ಲ ಬಿಟ್ಟು ಅದೇ ಚೀಟಿ ಎತ್ತಿದರು! ನನ್ನೆದುರೇ ಫೋನ್. ಸ್ಪೀಕರ್ ಬೇರೆ.

‘ನಿಘಂಟು ಆಫೀಸಿಂದಮ್ಮಾ. ನನ್ನ ಸೊಸೆ ಬುದ್ಧಿ ಬಹಳ ಚುರುಕು ಅಂತ ನೀವು ಹೇಳಿದ್ರಾ?’

ಆ ಕಡೆ ಕುಕ್ಕರ್ ಕೂಗಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

‘ಹೂಂ, ಹೇಳ್ದೆ. ಏನೀಗ? ಸುಳ್ಳಾ ಅದು?’

ಟಕ್ಕನೆ ಫೋನ್ ಇಟ್ಟರು. ಸಂಪಾದಕರು ನಗುತ್ತಾ ಸಹಿ ಹಾಕಿದರು. ಪರ್ಮನೆಂಟ್! ಕುಣಿಯಬೇಕೆನಿಸಿತು. ಟಾಯ್ಲೆಟ್‌ಗೆ ಹೋಗಿ ಅತ್ತುಬಿಟ್ಟೆ.

ಅದೇ ದಿನ, ಸಂಜೆ

ಅತ್ತೆ ಬಾಗಿಲಲ್ಲೇ ನಿಂತಿದ್ದರು.

‘ಯಾವತ್ತೇ ಹಾಗಂದೆ ನಾನು?’

‘ಅಂದಿಲ್ಲ ಅತ್ತೆ. ತಪ್ಪಾಯ್ತು.’

‘ನನ್ನ ಹೆಸರಲ್ಲಿ ಸುಳ್ಳು ಅಚ್ಚಾಗ್ಬೇಕಾ? ಇಲ್ಲಿ ಕೇಳು. ಒಂದೇ ಸಲ ಹೇಳೋದು.’

ಹೇಳಿದರು. ಚೀಟಿಯಲ್ಲಿದ್ದಂತೆಯೇ, ಒಂದಕ್ಷರ ಬಿಡದೆ, ಗೋಡೆ ನೋಡಿಕೊಂಡು. ‘ಹಾಲು ಕಾಯ್ಸೋದ್ರಲ್ಲಿ ಮಾತ್ರ ಮೊಂಡು’ ಅಂತ ಸೇರಿಸಿ ಒಳಗೆ ಹೋದರು.

ಎಷ್ಟು ಸಲ ನೆನೆದರೂ ಸಾಲದು. ಇಷ್ಟು ವರ್ಷ ಇವರು ನನ್ನನ್ನು... ಅಯ್ಯಯ್ಯೋ, ಒಲೆ ಮೇಲೆ ಹಾಲು—