ಐವತ್ತು ನಿಮಿಷದ ತವರು

ರಾಣೆಬೆನ್ನೂರು
೨೧ ಜುಲೈ ೨೦೨೫

ಪ್ರೀತಿಯ ಪ್ರೇಮಾ,

‘ದೂರವೆಂಬುದು ದಾರಿಯಲ್ಲಿಲ್ಲ...’ ಮುಂದಿನದು ಮರೆತಿದೆ, ಎಲ್ಲಿ ಓದಿದ್ದೆಂಬುದೂ ನೆನಪಿಲ್ಲ. ಬರೆದವರು ಇಲ್ಲಿಂದ ನಿಮ್ಮ ಕಲಬುರಗಿಗೆ ಬಸ್ಸಿನಲ್ಲಿ ಹೋದವರಂತೂ ಅಲ್ಲ.

ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಮನೆಯವರ ಸಕ್ಕರೆ ಹತೋಟಿಗೆ ಬಂತೇ? ಇಲ್ಲಿ ಎಲ್ಲರೂ ಆರಾಮ. ನಿಮ್ಮಣ್ಣ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಿಂದ ದಿನವೂ ಸೀನುತ್ತಲೇ ಬರುತ್ತಾರೆ. ನಿನ್ನ ಅವ್ವ ಎಪ್ಪತ್ತಾರರಲ್ಲೂ ಹಲಗೇರಿಯ ಹೊಲಕ್ಕೆ ಹೋಗಿ ಆಳುಗಳನ್ನು ಬೈದು ಬರುತ್ತಾರೆ.

ಹೋದ ವರ್ಷ ಪಂಚಮಿಗೆ ನಿನ್ನನ್ನು ಕರೆಯಲು ಯಾರೂ ಬರಲಿಲ್ಲವಲ್ಲ, ಅದರ ತಪ್ಪು ನನ್ನದು. ಹಬ್ಬಕ್ಕೆ ಮೊದಲು ಅತ್ತೆ, “ಪ್ರೇಮಾನ ಊರಿಗೆ ಇಮಾನ ಆಗೇತಂತಲ್ಲ, ಎಷ್ಟೊತ್ತಿನ ದಾರಿ ನೋಡು” ಎಂದರು. ನಾನು ಫೋನಿನಲ್ಲಿ ಹುಡುಕಿದೆ. ಕಲಬುರಗಿ, ಹುಬ್ಬಳ್ಳಿ ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು ಮುನ್ನೂರು ಕಿಲೋಮೀಟರು, ಹಾರಾಟಕ್ಕೆ ಐವತ್ತು ನಿಮಿಷ ಎಂದಿತ್ತು. ಗಟ್ಟಿಯಾಗಿ ಓದಿ ಹೇಳಿದೆ. ಆ ಎರಡೂರಿನ ನಡುವೆ ವಿಮಾನವೇ ಹಾರುವುದಿಲ್ಲ, ಅದು ನಕ್ಷೆಯ ಮೇಲೆ ಗೆರೆ ಎಳೆದು ಹಾಕಿದ ಲೆಕ್ಕ ಎಂದು ನನಗೆ ತಿಳಿದದ್ದು ತಿಂಗಳ ಮೇಲೆ. ಅಷ್ಟರಲ್ಲಿ ಅತ್ತೆ ತೀರ್ಮಾನಿಸಿಬಿಟ್ಟಿದ್ದರು: “ನಮ್ಮ ಕಲ್ಲೇಶ ಬ್ಯಾಡಗಿ ಅಂಗಡಿ ಮುಟ್ಟೂ ಹೊತ್ತಿನ ದಾರಿಗೆ ಕರೆಯಾಕ ಯಾಕ ಹೋಗಬೇಕು? ಮನಸಿದ್ರ ತಾನ ಬರ್ತಾಳ.” ಇಪ್ಪತ್ತು ವರ್ಷ ಹತ್ತು ತಾಸಿನ ದಾರಿ ನಿನ್ನ ಪರವಾಗಿ ಮಾತಾಡುತ್ತಿತ್ತು; ಅಷ್ಟು ದೂರವೆಂದೇ ಅತ್ತೆ ಪ್ರತಿ ಪಂಚಮಿಗೆ ನಿಮ್ಮಣ್ಣನನ್ನು ಕರೆಯಲು ಕಳಿಸುತ್ತಿದ್ದರು. ನಾನು ಅದನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡೆ.

ನೀನು ನಿಮ್ಮಣ್ಣನಿಗೆ ಫೋನಿನಲ್ಲಿ, “ಕರೀದ ತವರಿಗೆ ನಾ ಹೆಂಗ ಬರ್ಲಿ” ಎಂದದ್ದು ನನಗೂ ಕೇಳಿಸಿತ್ತು. ಆಮೇಲೆ ನೀನು ಫೋನು ಮಾಡುವುದನ್ನೂ ಬಿಟ್ಟೆ. ನಿನ್ನ ಪಾಲಿನ ಶೇಂಗಾ ಉಂಡಿ ಎಂಟು ದಿನ ಡಬ್ಬಿಯಲ್ಲಿದ್ದವು. ಒಂಬತ್ತನೆಯ ದಿನ ಅತ್ತೆ ಅವನ್ನು ಓಣಿಗೆ ಹಂಚಿದರು. ತಿಂಗಳ ಮೇಲೆ ನಿಜ ತಿಳಿದಾಗ, ಎಂ.ಎ. ಓದಿದವಳು ಫೋನು ನೋಡಿ ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿತ್ತು. ಕಡೆಗೆ ಈ ಯುಗಾದಿಗೆ ಅತ್ತೆಗೆ ಹೇಳಿದೆ. “ನಾದಿನಿ ಪರ ಸುಳ್ಳ ಹೇಳಬ್ಯಾಡ, ಫೋನಿನ್ಯಾಗ ಬರದಿತ್ತಲ್ಲ” ಎಂದು ಎದ್ದು ಹೋದರು. ನಿಮ್ಮಣ್ಣ, “ಅವ್ವ ಹೋಗಂದ್ರ ಹೋಗ್ತೀನಿ” ಎಂದು ಕೂತಿದ್ದಾರೆ. ಅವರು ಹೇಳುವುದಿಲ್ಲ, ಇವರು ಏಳುವುದಿಲ್ಲ.

ಕ್ಷಮಿಸು ಎಂದು ಬರೆದರೆ ನನ್ನ ಭಾರವಷ್ಟೇ ಇಳಿಯುತ್ತದೆ. ಆದರೆ ನಿನ್ನನ್ನು ಬೇಡವೆಂದು ಈ ಮನೆಯಲ್ಲಿ ಯಾರೂ ಬಿಟ್ಟದ್ದಲ್ಲ. ಇಷ್ಟನ್ನು ನಂಬು.

ನಿಮ್ಮ ಮನೆಯವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ವೈನಿ,
ಶೀಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ನಿನ್ನನ್ನು ಕರೆಯಲು ನಾನು ಬರುತ್ತೇನೆ, ಜೊತೆಗೆ ನಿನ್ನ ಅವ್ವನೂ. ನನ್ನ ಮಾತಿಗೆ ಒಪ್ಪಿದವರಲ್ಲ. ಈಗಷ್ಟೇ ಪಕ್ಕದ ಮನೆಯ ಗುಲಾಬಬಿ ಬಾಗಿಲಲ್ಲಿ ನಿಂತು ಅವರಿಗೆ ಹೇಳಿದಳು: “ಐವತ್ತ ನಿಮಿಷದ ದಾರಿ ಅಂತೀರಲ್ರಿ ಜಯವ್ವಾರ, ಹಂಗಾರ ನೀವ ಹೋಗಿ ಕರಕೊಂಡ ಬರ್ರಿ. ನೀವು ಬರೂದ್ರಾಗ ನಾ ಚಾಕ್ಕ ಇಟ್ಟಿರ್ತೀನಿ.”