ರಾಜರ ಪಿಕ್ಚರು

ಜನವರಿ 20, ಸೋಮವಾರ. ಬೆಳಗ್ಗೆ 7

ಬಿಪಿ 150/90. ಮಿಷನ್ನಿನ ಪಟ್ಟಿ ಸರಿಯಾಗಿ ಕಟ್ಟಿದೆನೋ ಇಲ್ಲವೋ ಅಂತ ಮತ್ತೆ ನೋಡಿದೆ — 158. ಮೂರನೇ ಸಲ ಕಟ್ಟಲು ಹೋದಾಗ ಕೈ ಎಳೆದುಕೊಂಡರು. ಎಡಗೈ. ಬಲಗೈ ಕೊರಡಿನ ಹಾಗೆ ಹಾಸಿಗೆ ಮೇಲೆ ಬಿದ್ದಿದೆ. ಇವರಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಹತ್ತೊಂಬತ್ತು ದಿನ.

ಗಂಜಿ ಅರ್ಧ ಲೋಟ. ಅದರಲ್ಲಿ ಅರ್ಧ ಗಲ್ಲದ ಮೇಲೆ.

ಆಮೇಲೆ ಒಂದು ಮಾತು ಬಂತು! ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲ ಮಾತು. "ರಾಜ." ಏನ್ರೀ ಅಂದೆ. ಮತ್ತೆ "ರಾಜ..." ಬಾಯಿ ಎಡಕ್ಕೆ ಎಳೆದುಕೊಂಡು, ಜೊಲ್ಲಿನ ಜೊತೆ. ಯಾವ ರಾಜ? ನಮ್ಮ ನೆಂಟರಲ್ಲಿ ಆ ಹೆಸರಿನವರಿಲ್ಲ. ನಾಯಿಗೂ ಇಟ್ಟಿಲ್ಲ. ತಲೆಗೇನಾದರೂ ಆಯಿತೇ ಅಂತ ಹೆದರಿಕೆ.

ಸಂಜೆ ಪಕ್ಕದ ಮನೆ ಕೆಂಚಯ್ಯ ಬಂದಿದ್ದ. ಹೇಳಿದ್ದಕ್ಕೆ ನಕ್ಕುಬಿಟ್ಟ. "ಅಯ್ಯೋ ಚಂದ್ರಕ್ಕ, ಅಷ್ಟೂ ಗೊತ್ತಾಗಲ್ವಾ? ರಂಗಸ್ವಾಮಣ್ಣ ರಾಜರ ಪಿಕ್ಚರ್ ಕೇಳ್ತಾವ್ರೆ ಕಣಕ್ಕ! ಸಕಲೇಶಪುರಕ್ಕೆ ಯುದ್ಧದ್ ಪಿಕ್ಚರ್ ಬಂದ್ರೆ ನಾವಿಬ್ರೂ ಕಾಫಿ ಕುಯ್ಲು ಬುಟ್ಟು ಓಡೋಗ್ತಿದ್ವಿ. ಒಂದೇ ಪಿಕ್ಚರ್ ನಾಕ್ ಸಲ!"

ಹೌದಲ್ಲ. ಕತ್ತಿ, ಕುದುರೆ ಅಂದರೆ ಪ್ರಾಣ ಇವರಿಗೆ. ಇಪ್ಪತ್ತೇಳು ವರ್ಷ ಜೊತೆಗಿದ್ದು ನನಗೆ ಹೊಳೆಯಲಿಲ್ಲ.

ಜನವರಿ 21, ಮಂಗಳವಾರ

ಪಾಳ್ಯಕ್ಕೆ ಹೋಗಿ ಬಂದೆ. ಕೆಂಚಯ್ಯನನ್ನು ಇವರ ಹತ್ತಿರ ಕೂರಿಸಿದ್ದೆ. ದಾರಿ ಉದ್ದಕ್ಕೂ ಅದೇ ಯೋಚನೆ, ನೀರು ಕುಡಿಸಿ ಗಂಟಲಿಗೆ ಸಿಕ್ಕಿಸಿಬಿಟ್ಟರೆ...

ಮೊಬೈಲ್ ಅಂಗಡಿ ಪ್ರದೀಪನಿಗೆ ಪೆನ್‌ಡ್ರೈವ್ ಕೊಟ್ಟೆ. "ಎಂಥ ಯುದ್ಧ ಬೇಕಕ್ಕ? ಕೋಟೇದಾ, ಬಂದೂಕಿಂದಾ, ಹಡಗಿಂದಾ?"

"ಜಾಸ್ತಿ ಜನ ಸಾಯಬಾರದು ಪ್ರದೀಪ. ಬಿಪಿ ಐತೆ."

"ಯುದ್ಧ ಕಣಕ್ಕ ಅದು. ಮದುವೆ ಅಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾಲ್ಕು ಹಾಕಿಕೊಟ್ಟ.

ಜನವರಿ 24, ಶುಕ್ರವಾರ

ಕೋಟೆ ಮುತ್ತಿಗೆಯ ಪಿಕ್ಚರು. ಒಂದು ಗಂಟೆ ಸುಮ್ಮನೆ ನೋಡಿದರು. ಆನೆಗಳು ಕೋಟೆ ಬಾಗಿಲು ಗುದ್ದುವ ಕಡೆ ಇವರಿಗೆ ಸರಿಯಾಗಿ ಕೇಳಲಿ ಅಂತ ಸೌಂಡ್ ಏರಿಸಿದೆ. ಐದು ನಿಮಿಷಕ್ಕೆ ಹೊರಗೆ ಪಟಾಕಿ. ನಾಯಿಗಳು. ಕೆಂಚಯ್ಯ ಕಿಟಕಿ ಹತ್ತಿರ ಬಂದು ಪಿಸುಗುಟ್ಟಿದ, "ಚಂದ್ರಕ್ಕಾ, ಲೈಟ್ ಆರ್ಸು! ಒಂಟಿ ಸಲಗ ನಿಮ್ಮ್ ಹಿತ್ಲಲ್ಲೇ ಐತೆ!"

ಟೀವಿ ತೋರಿಸಿದೆ. ಅವನ ಮುಖ ನೋಡಬೇಕಿತ್ತು. "ಥೂ ನಿನ್ನ! ಆನೆ ಬಂತು ಅಂತ ವಾಟ್ಸಾಪ್ ಗ್ರೂಪಿಗೆಲ್ಲಾ ಹಾಕ್ಬುಟ್ನಲ್ಲಕ್ಕ!"

ಇವರು ನಕ್ಕರು. ಎಡಗಡೆ ತುಟಿಯಲ್ಲಿ ಮಾತ್ರ. ಆದರೂ ನಗು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಪಿಕ್ಚರ್ ಮುಗಿದ ಮೇಲೆ ಮತ್ತೆ "ರಾಜ". ಇವನೇ ಅಲ್ಲವೇನ್ರೀ ರಾಜ ಅಂದೆ. ಅಲ್ಲ ಅಂತ ತಲೆ ಆಡಿಸಿದರು. ಇವನಲ್ಲದಿದ್ದರೆ ಬೇರೆ ರಾಜ. ಹುಡುಕೋಣ.

ಜನವರಿ 29, ಬುಧವಾರ

ಫೋನಿಗೆ ಒಂದು ಮೆಸೇಜು. ನವ್ಯಶ್ರೀ. ನನ್ನ ಮೈದುನ ನಂಜುಂಡಯ್ಯನ ಮಗಳು. ಹಾಸನದ ಕಾಲೇಜಿನಲ್ಲಿ ಹಿಸ್ಟರಿ ಪಾಠ ಮಾಡುತ್ತಾಳೆ. "ದೊಡ್ಡಮ್ಮ, ದೊಡ್ಡಪ್ಪಂಗೆ ಪಿಕ್ಚರ್ ಹುಡುಕ್ತಿದ್ದೀರಂತೆ. ಪ್ರದೀಪಣ್ಣ ಹೇಳ್ದ. ನಾನು ಲಿಸ್ಟ್ ಕಳಿಸ್ಲಾ? ಅಪ್ಪಂಗೆ ಹೇಳ್ಬೇಡಿ."

ಒಂಬತ್ತು ವರ್ಷ ಆ ಮನೆಗೂ ಈ ಮನೆಗೂ ಮಾತಿಲ್ಲ. ನಮ್ಮ ಮನೆಯಿಂದ ಗದ್ದೆಗೆ ಹೋಗುವ ಕಾಲುದಾರಿ ಅವರ ತೋಟದೊಳಗೆ ಹಾಯುತ್ತದೆ. ನಂಜುಂಡಯ್ಯ ಬೇಲಿ ಹಾಕಿದ. ಇವರು ಆಲೂರು ಕೋರ್ಟಿನಲ್ಲಿ ಕೇಸು ಹಾಕಿದರು. ಸ್ಟ್ರೋಕ್ ಆದಾಗಲೂ ಅವನು ಬಂದು ನೋಡಲಿಲ್ಲ. ಈ ಮೆಸೇಜಿನ ಹಿಂದೆ ಏನಾದರೂ ಇದೆಯಾ? ಕೇಸಿಗೆ ಬಳಸಿಕೊಳ್ಳುತ್ತಾರಾ? ಲಾಯರನ್ನು ಕೇಳಲಾ?

ಹದಿನಾರು ವರ್ಷದವರೆಗೆ ನನ್ನ ಮಡಿಲಲ್ಲೇ ಬೆಳೆದ ಮಗು. ನನಗೆ ಮಕ್ಕಳಿಲ್ಲ. ಕಳಿಸು ಪುಟ್ಟಿ ಅಂತ ಹಾಕಿದೆ.

ಜನವರಿ 30, ಗುರುವಾರ

ಲಿಸ್ಟ್ ಬಂತು. ಹನ್ನೊಂದು ಪಿಕ್ಚರು, ಎರಡು ಸೀರಿಯಲ್ಲು. ಪ್ರತಿಯೊಂದರ ಪಕ್ಕ ಬರೆದಿದ್ದಾಳೆ — "ಇದ್ರಲ್ಲಿ ಬಟ್ಟೆಬರೆ ಎಲ್ಲಾ ಆ ಕಾಲದ್ದೇ, ಮೋಸ ಇಲ್ಲ." "ಇದು ಸುಳ್ಳು ಚರಿತ್ರೆ, ಆದ್ರೆ ಕುದುರೆ ಚೆನ್ನಾಗವೆ." "ಇದ್ರಲ್ಲಿ ಅಣ್ಣ ತಮ್ಮ ಕಿತ್ತಾಡ್ತಾರೆ. ಆಮೇಲೆ ನೋಡಿ."

ಎಂಟನೇ ಕ್ಲಾಸಿಗೆ ಬಿಟ್ಟವಳು ನಾನು. ಚರಿತ್ರೆ ಅಂದರೆ ಇಸವಿ ಬಾಯಿಪಾಠ ಅಂದುಕೊಂಡಿದ್ದೆ.

ಫೆಬ್ರವರಿ 5, ಬುಧವಾರ

ನೋಡಿ ಮುಗಿಸಿದ್ದು ಆರು. ಮರೆತುಹೋಗುತ್ತದೆ, ಬರೆದಿಡುತ್ತೇನೆ.

ಹಡಗಿನ ಯುದ್ಧ — ಬೇಡ. ನೀರು ಅಲ್ಲಾಡುವುದು ನೋಡಿ ಇವರಿಗೆ ವಾಂತಿ ಬಂತು. ಕಂದಕದೊಳಗೆ ಸಿಪಾಯಿಗಳು ಕೂತಿರುವುದು — ಬಹಳ ಒಳ್ಳೆಯದು. ಯಾರೂ ಗೆಲ್ಲುವುದಿಲ್ಲ. ಮಳೆ, ಕೆಸರು, ಊರಿಗೆ ಕಾಗದ ಬರೆಯುವುದು. ಆದರೆ ರಾಜ ಇಲ್ಲ. ಅರಮನೆ ಸೀರಿಯಲ್ಲು ಹದಿನಾಲ್ಕು ಕಂತು — ರಾಣಿಯರ ಜಗಳ ಹೆಚ್ಚಾಯಿತು, ಆರನೇ ಕಂತಿನಿಂದ ನೋಡಿದರೂ ನಷ್ಟವಿಲ್ಲ.

ಕೈಕಾಲು ಆಡಿಸಲು ಆಲೂರಿನಿಂದ ಬರುವ ಸಿದ್ದು ಕೇಳಿದ, "ಆಂಟಿ, ಭಾನುವಾರಕ್ಕೆ ನಂಗೊಂದು ಒಳ್ಳೇದು ಹೇಳಿ." ಕಂದಕದ್ದು ನೋಡಪ್ಪ ಅಂದೆ, ಅಮ್ಮನ ಜೊತೆ ನೋಡಬೇಡ ಅಂದೆ. ನನ್ನನ್ನೂ ಒಬ್ಬರು ಕೇಳುವ ಹಾಗಾಯಿತು.

ಬಿಪಿ 160/100. ಪಿಕ್ಚರಿನಿಂದಲೇ ಏರುತ್ತಿದೆಯಾ?

ಫೆಬ್ರವರಿ 9, ಭಾನುವಾರ

ಇವತ್ತು ರಿಮೋಟ್ ಎಸೆದರು. ಎಡಗೈಯಲ್ಲಿ. ಗೋಡೆಗೆ ಬಡಿಯಿತು.

ಪಿಕ್ಚರಿನಲ್ಲಿ ಪಟ್ಟಾಭಿಷೇಕ ನಡೆಯುತ್ತಿತ್ತು. ನಾನು "ನೋಡಿ, ನೋಡಿ, ರಾಜ" ಅಂದೆ, ಮಗುವಿಗೆ ಚಂದ್ರನನ್ನು ತೋರಿಸುವ ಹಾಗೆ. ಅದಕ್ಕೇ ಸಿಟ್ಟು. "ರಾಜ, ರಾಜ, ರಾಜ..." ಕೊನೆಕೊನೆಗೆ ಬರೀ ಉಸಿರು, ಮಾತೇ ಇಲ್ಲ. ಕಣ್ಣಲ್ಲಿ ನೀರು.

ಯಾವ ರಾಜ ಹೇಳಿ ಅಂತ ಕಾಲು ಹಿಡಿದುಕೊಂಡೆ. ಮೈಸೂರಿನವರಾ? ವಿಜಯನಗರದವರಾ? ಹೊಯ್ಸಳರಾ? ಗೊತ್ತಿದ್ದ ಹೆಸರನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡರು.

ಬಿಪಿ ನೋಡಲು ಧೈರ್ಯ ಬರಲಿಲ್ಲ.

ಫೆಬ್ರವರಿ 17, ಸೋಮವಾರ. ಮಧ್ಯಾಹ್ನ 3

ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿವೆ. ಆದರೂ ಬರೆಯಬೇಕು.

ಪೋಸ್ಟಿನಲ್ಲಿ ಕೋರ್ಟಿನ ನೋಟಿಸು ಬಂತು. ಹಾಸಿಗೆ ಪಕ್ಕ ಕೂತು ಗಟ್ಟಿಯಾಗಿ ಓದಿದೆ, ನನಗೆ ಹಾಗೆ ಓದಿದರೇ ತಿಳಿಯುವುದು. "ಮಾರ್ಚ್ 8ರಂದು ಲೋಕ ಅದಾಲತ್... ಉಭಯ ಪಕ್ಷಗಾರರು ರಾಜಿ ಸಂಧಾನದ ಮೂಲಕ..."

ನನ್ನ ಮುಂಗೈ ಹಿಡಿದರು. ನೋಯುವಷ್ಟು.

ಮತ್ತೆ ಓದಿದೆ. ಉಭಯ ಪಕ್ಷಗಾರರು. ಸುಮ್ಮನಿದ್ದರು. ರಾಜಿ. ಹಿಡಿತ ಬಿಗಿಯಾಯಿತು. "ರಾಜ," ಅಂದರು.

ರಾಜ ಅಲ್ಲ. ರಾಜಿ. ಕೊನೆಯ 'ಇ' ಬಾಯಿಂದ ಬರುತ್ತಿಲ್ಲ, ಅಷ್ಟೇ.

"ರಾಜಿ ಆಗ್ಬೇಕಾ? ನಂಜುಂಡಯ್ಯನ ಜೊತೆ?" ಅಂದೆ. ಹೂಂ, ಹೂಂ, ಹೂಂ ಅಂತ ತಲೆ ಆಡಿಸಿದರು, ಎಳೆಕರುವಿನ ಹಾಗೆ. ನಾಲ್ಕು ವಾರ. ಇವರು ತಮ್ಮನನ್ನು ಕೇಳುತ್ತಿದ್ದರು. ನಾನು ಸತ್ತ ರಾಜರನ್ನೆಲ್ಲ ತಂದು ತೋರಿಸಿದೆ.

ಫೆಬ್ರವರಿ 18, ಮಂಗಳವಾರ

ನನಗೆ ಆ ಮಾತು ಯಾಕೆ ಕೇಳಿಸಲಿಲ್ಲ ಅಂತ ನನಗೆ ಗೊತ್ತು. ಈ ಮನೆಯಲ್ಲಿ ಆ ಮಾತು ಆಡಬೇಡಿ ಅಂದವಳೇ ನಾನು.

ಐದು ವರ್ಷದ ಹಿಂದೆ ಜಡ್ಜ್ ಸಾಹೇಬರು ರಾಜಿ ಮಾಡಿಕೊಳ್ಳಿ ಅಂದಿದ್ದರು. ಇವರಿಗೂ ಮನಸ್ಸಿತ್ತು. ಹೆಂಡತಿಯನ್ನು ಕೇಳಿ ಬರುತ್ತೇನೆ ಅನ್ನಲು ನಾಚಿಕೆಯಾಗಿ, ಯೋಚನೆ ಮಾಡುತ್ತೇನೆ ಅಂತ ಬಂದಿದ್ದರು. ನಾನು ಒಲೆ ಮುಂದೆ ಇದ್ದೆ. "ಆ ಮಾತು ಇನ್ನೊಂದ್ ಸಲ ನಿಮ್ ಬಾಯಲ್ಲಿ ಬಂದ್ರೆ ಬಾವಿ ನೋಡ್ಕೊತೀನಿ" ಅಂದೆ. ಬೇಲಿ ಹಾಕುವ ದಿನ ನಂಜುಂಡಯ್ಯ ಎಲ್ಲರೆದುರು ಅಂದಿದ್ದ, ಮಕ್ಕಳಿಲ್ಲದ ಮನೆಗೆ ದಾರಿ ಯಾತಕ್ಕೆ ಅಂತ. ಅದು ನನಗೆ ತಾನೇ ಅಂದದ್ದು? ಇವರು ಮರುದಿನ ಕೋರ್ಟಿಗೆ ಹೋಗಿ ಆಗುವುದಿಲ್ಲ ಅಂದರು. ನನ್ನ ಹೆಸರು ಎತ್ತಲಿಲ್ಲ. ಅಲ್ಲಿಂದೀಚೆಗೆ ಆ ಮಾತೂ ಎತ್ತಲಿಲ್ಲ.

ಫೆಬ್ರವರಿ 19, ಬುಧವಾರ

ರಸ್ತೆ ಸುತ್ತಿಕೊಂಡು ಹೋದೆ. ಮುಕ್ಕಾಲು ಮೈಲಿ. ಬೇಲಿ ಇಲ್ಲದಿದ್ದರೆ ಕೂಗಿದರೆ ಕೇಳುವಷ್ಟು ದೂರ.

ನಂಜುಂಡಯ್ಯ ಕಣದಲ್ಲಿ ಕಾಫಿ ಕೆದಕುತ್ತಿದ್ದ. ತಲೆಯೆತ್ತಲಿಲ್ಲ. "ಏನ್ ಅತ್ತಿಗೆ, ದಾರಿ ತಪ್ತಾ?"

ಹೇಳಿದೆ. ಅಣ್ಣ ರಾಜಿ ಕೇಳುತ್ತಿದ್ದಾರೆ, ಒಂದು ಸಲ ಬಾ ಅಂದೆ.

"ಅವತ್ತು ಜಡ್ಜ್ ಮುಂದೆ ಬಾಯಿ ಇತ್ತಲ್ಲ, ಆಗಲ್ಲ ಅನ್ನಕ್ಕೆ? ಈಗ ನೀವು ಬಂದೀರಿ. ನಿಮ್ ಮಾತ್ ನಾನ್ ಹೆಂಗ್ ನಂಬ್ಲಿ? ಅವ್ನ್ ಬಾಯಲ್ಲಿ ಕೇಳಿದ್ರೆ ಬತ್ತೀನಿ."

ಅವತ್ತು ಆಗಲ್ಲ ಅಂದದ್ದು ನಾನು ಅಂತ ಹೇಳಲು ಬಾಯಿ ತೆರೆದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮುಚ್ಚಿದೆ.

ಫೆಬ್ರವರಿ 21, ಶುಕ್ರವಾರ

ಎರಡು ದಿನದಿಂದ 'ಇ' ಕಲಿಸುತ್ತಿದ್ದೇನೆ. ಇಲಿ, ಇರುವೆ. ಬಾಲವಾಡಿ ಟೀಚರ್ ಆದೆ. ತುಟಿಯನ್ನು ಬೆರಳಲ್ಲಿ ಹಿಡಿದು ಎಳೆದೆ. ಬರುವುದಿಲ್ಲ.

ತಾಳಲಾರದೆ ನಂಜುಂಡಯ್ಯನಿಗೆ ಫೋನ್ ಮಾಡಿ ಇವರ ಬಾಯಿ ಹತ್ತಿರ ಹಿಡಿದೆ. "ರಾಜ... ರಾಜ..." ಆ ಕಡೆ ಸದ್ದಿಲ್ಲ. "ರಾಜ..." ಕಟ್ ಆಯಿತು.

ಅವನಿಗೂ ರಾಜ ಅಂತಲೇ ಕೇಳಿಸಿರಬೇಕು. ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡನೇ?

ಮಾರ್ಚ್ 1, ಶನಿವಾರ

ಜ್ವರ ನಾಲ್ಕನೇ ದಿನ. ಎದೆಯಲ್ಲಿ ಕಫ. ಹಾಸನಕ್ಕೆ ಕರೆದುಕೊಂಡು ಹೋಗಿದ್ದೆ, ಮನೆಯಲ್ಲೇ ನೋಡಿಕೊಳ್ಳಿ ಅಂದರು. ಹಾಗೆ ಅಂದರೆ ಏನು ಅರ್ಥ ಅಂತ ಕೇಳಲಿಲ್ಲ.

ಈಗ "ರಾಜ"ವೂ ಇಲ್ಲ. ಏನೂ ಇಲ್ಲ. ಬಾಯಿ ತೆರೆದೇ ಇರುತ್ತದೆ.

ಮಾರ್ಚ್ 3, ಸೋಮವಾರ

ನಂಜುಂಡಯ್ಯ ಬಂದ.

ಸಂಜೆ ನಾಲ್ಕಕ್ಕೆ. ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ. ಹಿಂದೆ ನವ್ಯಶ್ರೀ, ರಜೆ ಹಾಕಿ ಬಂದಿದ್ದಾಳೆ. "ದನಿ ಹಂಗಾಗೋಗೈತೆ ಅಂತ ಗೊತ್ತಿರ್ಲಿಲ್ಲ ಅತ್ತಿಗೆ. ಫೋನಲ್ಲಿ ಕೇಳಿ ಹತ್ ದಿನ ಆಯ್ತು, ಅನ್ನ ಇಳಿದಿಲ್ಲ," ಅಂದ. ಹತ್ತು ದಿನ. ಯಾಕಪ್ಪ ಹತ್ತು ದಿನ ಅಂತ ಕೇಳಲಿಲ್ಲ. ನಾನು ತಿಂಗಳು ತೆಗೆದುಕೊಂಡವಳು.

ಹಾಸಿಗೆ ಪಕ್ಕ ಕೂತ. "ಅಣ್ಣ." ಇವರು ಸೂರು ನೋಡುತ್ತಿದ್ದರು. "ಅಣ್ಣ, ನಾನ್ ಕಣೋ. ರಾಜಿ ಕಣೋ. ಶನಿವಾರ ಇಬ್ರೂ ಹೋಗನ." ಕಣ್ಣು ತಿರುಗಲಿಲ್ಲ. ಅವನು ನನ್ನನ್ನು ನೋಡಿದ. ಕೇಳಿಸುತ್ತದೆ ಅಂದೆ. ಸುಳ್ಳೋ ನಿಜವೋ.

ನವ್ಯಶ್ರೀ ಟೀವಿ ಹಾಕಿದಳು. ಅವಳ ಲಿಸ್ಟಿನಿಂದ ಹಾಕಿಸಿಕೊಂಡಿದ್ದರಲ್ಲಿ ನೋಡದೆ ಉಳಿದದ್ದು ಒಂದೇ, ಅಣ್ಣ ತಮ್ಮ ಕಿತ್ತಾಡುವುದು. ಬೇರೆ ಹಾಕು ಅನ್ನೋಣ ಅಂದುಕೊಂಡೆ, ಅನ್ನಲಿಲ್ಲ. ನಂಜುಂಡಯ್ಯ ಅಣ್ಣನ ಬಲಗೈಯನ್ನು ತೊಡೆ ಮೇಲಿಟ್ಟುಕೊಂಡು ನೋಡಿದ.

"ಈ ಮೀಸೆಯೋನು ಯಾರು, ಗೆಲ್ಲೋನಾ?"

"ಅವ್ನು ಅಣ್ಣ. ಸುಮ್ನೆ ನೋಡಪ್ಪಾ," ಅಂದಳು ನವ್ಯಶ್ರೀ.

"ತಮ್ಮಂದೇ ತಪ್ಪು ಅನ್ಸ್ತದೆ."

ಸೈನ್ಯ ಎರಡೂ ಕಡೆ ನಿಂತಾಗ ಕರೆಂಟ್ ಹೋಯಿತು. "ಮಿಕ್ಕಿದ್ದು ನಾಳೆ ನೋಡನ. ನೀವು ಮುಂದ್ಕೆ ನೋಡ್ಬುಟ್ಟೀರಾ ಮತ್ತೆ," ಅಂದು ಹೋದ.

ಮಾರ್ಚ್ 4, ಮಂಗಳವಾರ

ಐದು ಗಂಟೆಗೆ ಮಗ್ಗುಲು ಬದಲಿಸಲು ಹೋದೆ. ಬಿಪಿ ಮಿಷನ್ನು ಕಟ್ಟಿದೆ. ಎರಡು ಸಲ ಕಟ್ಟಿದೆ.

ಅದೇ ದಿನ. ಹನ್ನೊಂದು ಗಂಟೆ

ಒಳಕೋಣೆಯಲ್ಲಿದ್ದೇನೆ. ಸೀರೆ ಬದಲಿಸುತ್ತೇನೆ ಅಂತ ಹೇಳಿ ಬಂದೆ.

ಮಾವನವರ ಸಮಾಧಿ ಗದ್ದೆಯ ಬದಿಯಲ್ಲಿದೆ, ಪಕ್ಕದಲ್ಲೇ ಇವರಿಗೂ. ಯಾವ ದಾರಿಯಲ್ಲಿ ಹೊರುವುದು ಅಂತ ಕೆಂಚಯ್ಯ ಕೇಳಿದ. ನಂಜುಂಡಯ್ಯ ಎದ್ದ. ಕತ್ತಿ ತೆಗೆದುಕೊಂಡು ಹೋಗಿ ತಾನೇ ಬೇಲಿ ಕಡಿದ. ಕಂಬ ಕಿತ್ತ. ಅಂಗೈಯೆಲ್ಲ ರಕ್ತ. ತಂತಿ ಸುತ್ತಿಡುತ್ತಾ ಎಲ್ಲರೆದುರು ಅತ್ತ, "ಅವತ್ತು ಕೋರ್ಟಲ್ಲಿ ಒಂದ್ ಮಾತು ಹೂಂ ಅಂದಿದ್ರೆ ಆಗಿತ್ತು ಕಣ್ರೋ. ಹಠ. ಬರೀ ಹಠ ನಮ್ಮಣ್ಣಂದು." ಎಲ್ಲರೂ ಹೌದು ಹೌದು ಅಂದರು. ರಂಗಸ್ವಾಮಿ ಹಠಮಾರಿ, ಒಳ್ಳೆಯವನೇ, ಆದರೆ ಹಠ. ನಾನು ಅಲ್ಲೇ ನಿಂತಿದ್ದೆ.

ಈ ಮಾತು ಇವರ ಜೊತೆ ಮಣ್ಣಿಗೆ ಹೋಗಬಾರದು.

ಕರೆಯುತ್ತಿದ್ದಾರೆ. ನವ್ಯಶ್ರೀ ಬಾಗಿಲು ತಟ್ಟುತ್ತಿದ್ದಾಳೆ. ಎತ್ತುವ ಮೊದಲು ಹೇಳಬೇಕು, ಎಲ್ಲರೆದುರು. ಬಾಯಿಗೆ ಬರುತ್ತಿಲ್ಲ. ಬರೆದು ನೋಡುತ್ತೇನೆ. ನಂಜುಂಡಯ್ಯ, ಹಠ ನಿಮ್ಮಣ್ಣಂದಲ್ಲ. ಅವತ್ತು ಬೇಡ ಅಂದಿದ್ದು —